ಲೋಟದೊಳಗಿನ ಪೆನ್ಸಿಲ್



ಅಮ್ಮನ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡಿಸುವಾಗ ನನಗೊಂದೇ ಭಯ: ಕಿರಣ ಗಡ್ಡೆಗೇ ಬೀಳುತ್ತದೆಂದು ಹೇಗೆ ನಂಬುವುದು? ಹುಡುಕಿದಾಗ ಜೆಲ್ ವಿಧಾನದ ಬಗ್ಗೆ ಓದಿದೆ. ತಿಳಿಯಾದ ಜೆಲ್ ತುಂಬಿದ ಜಾಡಿಗೆ ಮೊದಲು ಕಿರಣ ಹಾಯಿಸಿ ಪರೀಕ್ಷಿಸಬಹುದು. ಹೆಚ್ಚು ಬಿದ್ದಲ್ಲಿ ಜೆಲ್ ಹೆಚ್ಚು ಮಬ್ಬಾಗುತ್ತದೆ. 1996ರಲ್ಲಿ ಜಾನ್ ಗೋರ್ ಮತ್ತು ಸಂಗಡಿಗರು ಆ ಮಬ್ಬನ್ನು ಬೆಳಕಿನಿಂದಲೇ ಅಳೆದು ತೋರಿಸಿದರು. ಜಾಡಿಯನ್ನು ತಿರುಗಿಸುತ್ತಾ ಲೇಸರ್ ಹಾಯಿಸಿದರೆ, ಕಂಪ್ಯೂಟರ್ ಒಳಗಿನದನ್ನು ಮೂರು ಆಯಾಮದಲ್ಲಿ ಲೆಕ್ಕಹಾಕುತ್ತದೆ. ಅಂಚಿನಲ್ಲಿ ಬೆಳಕು ಬಾಗದಿರಲೆಂದು ಜಾಡಿಯನ್ನು ಜೆಲ್‌ನಷ್ಟೇ ವಕ್ರೀಭವನವುಳ್ಳ ದ್ರವದಲ್ಲಿ ಮುಳುಗಿಸುತ್ತಾರೆ.

ಬಿ.ಇ. ಓದಿದ ನನಗೆ ಅದು ಥಟ್ಟನೆ ಅರ್ಥವಾದದ್ದು, ಇದೇ ಶಾಲೆಯಲ್ಲಿ ಮೇಷ್ಟ್ರು ನೀರಿನ ಲೋಟದಲ್ಲಿಟ್ಟು ತೋರಿಸಿದ ಪೆನ್ಸಿಲ್‌ನಿಂದ.

ಅಮ್ಮ ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಮಕ್ಕಳೇ, ಆ ಲೋಟದ ಪಾಠ ಮರೆಯಬೇಡಿ.