ಕಿವಿ ಕರೆದ ಕಡೆಗೆ ಕಾಲು

ನಿನ್ನೆ ರಾತ್ರಿ ನೀವು ಟೀವಿ ನೋಡಿರಬಹುದು. ಮಾತು ಎಲ್ಲಿಂದ ಬಂತು ಎಂದು ಕೇಳಿದರೆ, ನಟನ ಬಾಯಿಂದ ಎನ್ನುತ್ತೀರಿ. ನಿಜಕ್ಕೂ ಆ ದನಿ ಹೊರಟದ್ದು ಟೀವಿಯ ಬೆನ್ನಿಗೋ ಕೆಳಅಂಚಿಗೋ ಇರುವ ಸ್ಪೀಕರಿನಿಂದ. ತುಟಿ ಅಲುಗಿದ್ದು ಕಂಡರೆ ಸಾಕು, ಕಿವಿ ತನ್ನ ಲೆಕ್ಕ ಬಿಟ್ಟು ಕಣ್ಣು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ಮಾತಾಡುವ ಗೊಂಬೆಯ ಆಟ ನಡೆಯುವುದೂ ಇದೇ ಬಂಡವಾಳದ ಮೇಲೆ. 1976ರಲ್ಲಿ ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು ಇನ್ನೂ ತಮಾಷೆಯ ಸಂಗತಿಯೊಂದನ್ನು ಪ್ರಕಟಿಸಿದರು. ‘ಗ’ ಎನ್ನುತ್ತಿರುವ ಬಾಯಿಯ ಚಿತ್ರಕ್ಕೆ ‘ಬ’ ಎನ್ನುವ ದನಿ ಕೂಡಿಸಿದರೆ, ಬಹಳ ಜನಕ್ಕೆ ಕೇಳಿಸುವುದು ‘ದ’. ಯಾರೂ ಹೇಳದ ಅಕ್ಷರ! ಕಣ್ಣು ಮುಚ್ಚಿಕೊಂಡರೆ ಮತ್ತೆ ‘ಬ’.

ಕಲಾ ಗ್ಯಾಲರಿಯಲ್ಲೂ ಕಣ್ಣಿನದೇ ಯಜಮಾನಿಕೆ. ಗೋಡೆಯ ಮೇಲಿದ್ದದ್ದನ್ನು ನೋಡುವುದು, ಮುಂದೆ ಸರಿಯುವುದು. ಆ ಯಜಮಾನಿಕೆ ಕಳಚಿದರೆ ಏನಾಗುತ್ತದೆ ಎಂದು ತೋರಿಸಿದವರು ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್. 2001ರ ಅವರ ಕೃತಿ ‘ದಿ ಫಾರ್ಟಿ ಪಾರ್ಟ್ ಮೋಟೆಟ್’. ನೋಡಲು ಅಲ್ಲಿ ಏನೂ ಇಲ್ಲವೆಂದೇ ಹೇಳಬೇಕು. ಆಳೆತ್ತರದ ಸ್ಟ್ಯಾಂಡುಗಳ ಮೇಲೆ 40 ಸ್ಪೀಕರುಗಳು ಮೊಟ್ಟೆಯಾಕಾರದಲ್ಲಿ ಸುತ್ತುಗಟ್ಟಿ ನಿಂತಿವೆ, ನಡುವೆ ಕೂರಲು ಬೆಂಚು. ಅಷ್ಟೇ. 16ನೇ ಶತಮಾನದ ಇಂಗ್ಲೆಂಡಿನ ಥಾಮಸ್ ಟ್ಯಾಲಿಸ್ 40 ದನಿಗಳಿಗೆಂದೇ ಕಟ್ಟಿದ ಭಕ್ತಿಗಾನವನ್ನು ಸಾಲ್ಸ್‌ಬರಿ ಕೆಥೆಡ್ರಲ್ಲಿನ ಗಾಯಕರಿಂದ ಹಾಡಿಸಿ, ಒಂದೊಂದು ದನಿಯನ್ನೂ ಬೇರೆಯಾಗಿ ಮುದ್ರಿಸಿ, ಒಂದೊಂದಕ್ಕೂ ಒಂದು ಸ್ಪೀಕರ್ ಕೊಟ್ಟಿದ್ದಾರೆ.

ಬೆಂಚಿನಲ್ಲಿ ಕೂತರೆ ಇಡೀ ಹಾಡು. ಎದ್ದು ಒಂದು ಸ್ಪೀಕರಿನ ಹತ್ತಿರ ಹೋದರೆ ಒಂದೇ ಕೊರಳು, ಉಸಿರೆಳೆದುಕೊಳ್ಳುವ ಸದ್ದು ಸಮೇತ. ಸಂಗೀತ ಕಚೇರಿಯಲ್ಲಿ ಹಾಡುವವರ ಬಾಯಿಗೆ ಹೀಗೆ ಕಿವಿಯಿಟ್ಟು ನಿಂತರೆ ಸಂಘಟಕರು ಕೈಹಿಡಿದು ಹೊರಗೆ ಬಿಟ್ಟು ಬರುತ್ತಾರೆ. ದನಿ ಆ ಮೂಲೆಯಿಂದ ಈ ಮೂಲೆಗೆ ಹಾದರೆ ಕೂತವರ ಕತ್ತೂ ತಿರುಗುತ್ತದೆ. ಅಲ್ಲಿ ಕಾಣಲು ಪೆಟ್ಟಿಗೆಯ ಹೊರತು ಏನಿದೆ?

ಒಂದು ಸುತ್ತು 14 ನಿಮಿಷದ್ದು. ಹಾಡು ಹೆಚ್ಚುಕಡಿಮೆ 11 ನಿಮಿಷ. ಉಳಿದ ಮೂರು ನಿಮಿಷ ಹಾಡುವವರ ಬಿಡುವು. ಕೆಮ್ಮು, ಗಂಟಲು ಸರಿಮಾಡಿಕೊಳ್ಳುವ ಸದ್ದು, ಲೋಕಾಭಿರಾಮದ ಮಾತು. ಇದನ್ನು ಕತ್ತರಿಸಿ ಎಸೆಯದೆ ಉಳಿಸಿಕೊಂಡದ್ದೇ ಕಾರ್ಡಿಫ್ ಅವರ ಜಾಣತನ ಎಂದು ನನ್ನ ಎಣಿಕೆ. ಒಮ್ಮೆ ಕೆಮ್ಮಿದ ಮೇಲೆ ಪೆಟ್ಟಿಗೆ ಪೆಟ್ಟಿಗೆಯಾಗಿ ಉಳಿಯುವುದಿಲ್ಲ, ಅದಕ್ಕೊಂದು ಮೈ ಬರುತ್ತದೆ. ರೇಡಿಯೋ ಕೇಳುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾರ್ತೆ ಓದುವವರಿಗೆ ನಾವೆಲ್ಲ ಮನಸ್ಸಿನಲ್ಲೇ ಒಂದೊಂದು ಮುಖ ಬರೆದುಕೊಂಡಿರುತ್ತೇವೆ. ಎದುರಿಗೆ ಸಿಕ್ಕಾಗ ಹೋಲುವುದಿಲ್ಲ, ಆ ಮಾತು ಬೇರೆ.

ಮುಂಬಯಿಯ ಕಲಾವಿದೆ ಶಿಲ್ಪಾ ಗುಪ್ತಾ ಕಣ್ಣಿಗೂ ಪಾಲು ಕೊಟ್ಟರು. ‘ಫಾರ್, ಇನ್ ಯುವರ್ ಟಂಗ್, ಐ ಕೆನಾಟ್ ಫಿಟ್’ ಎಂಬ ಅವರ ಕೃತಿಯನ್ನು 2018ರ ಕೊಚ್ಚಿ ಬಿಯೆನ್ನಾಲೆ ಕಲಾಮೇಳದಲ್ಲಿ ನಿಮ್ಮಲ್ಲಿ ಕೆಲವರು ನೋಡಿರಬಹುದು. ಮಬ್ಬುಗತ್ತಲು. ನೆಲದಿಂದೆದ್ದ 100 ಲೋಹದ ಸರಳು, ಪ್ರತಿ ಸರಳಿಗೂ ಚುಚ್ಚಿದ ಒಂದು ಹಾಳೆ. ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಚೀಟಿ ಚುಚ್ಚಿಡುತ್ತಾರಲ್ಲ, ಹಾಗೆ. ಹಾಳೆಯಲ್ಲಿರುವುದು ಸೆರೆಮನೆ ಕಂಡ ಕವಿಗಳ ಸಾಲು. ಮೇಲಿನಿಂದ ಇಳಿಬಿಟ್ಟ 100 ಮೈಕುಗಳಿವೆ, ಆದರೆ ಅವು ಕೇಳಿಸಿಕೊಳ್ಳುವುದಿಲ್ಲ, ಮಾತಾಡುತ್ತವೆ. ಒಂದು ಮೈಕು ಸಾಲು ನುಡಿಯುತ್ತದೆ, ಉಳಿದವು ದನಿಗೂಡಿಸುತ್ತವೆ. ಆಮೇಲೆ ಇನ್ನೆಲ್ಲಿಂದಲೋ ಇನ್ನೊಂದು. ಅರಬ್ಬಿ, ರಷ್ಯನ್, ಹಿಂದಿ. ಭಾಷೆ ತಿಳಿಯದಿದ್ದರೂ ಕಾಲು ಅತ್ತ ಹೊರಡುತ್ತದೆ. ತಲುಪುವ ಹೊತ್ತಿಗೆ ದನಿ ಬೇರೆ ಕಡೆ ಹೋಗಿರುತ್ತದೆ, ಎದುರಿಗೆ ಉಳಿದದ್ದು ಚುಚ್ಚಿಸಿಕೊಂಡ ಹಾಳೆ. ಓದುವುದು ಆಗ. ಇದೇ ನೂರು ಹಾಳೆಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದ್ದರೆ ನಾನಂತೂ ಹತ್ತು ಓದಿ ಕ್ಯಾಂಟೀನಿನ ದಾರಿ ಹಿಡಿಯುತ್ತಿದ್ದೆ.

ಈಗ ನನ್ನ ಮುಂದೆಯೂ ಒಂದು ಮೈಕು ಇದೆ. ಕೇಳಿಸಿಕೊಳ್ಳುವ ಜಾತಿಯದು. ಇಷ್ಟು ಹೇಳುವಷ್ಟರಲ್ಲಿ ನಾನು ಎರಡು ಸಲ ಕೆಮ್ಮಿದೆ. ಗಾಜಿನಾಚೆ ಕೂತವರು ಅದನ್ನು ನಿಮಗೆ ತಲುಪಗೊಟ್ಟಿರುವುದಿಲ್ಲ.