ಸರಕಾರದ ಇಡಿಗಂಟು, ನಮ್ಮ ಮನೆಯ ಗಂಟು

(ಪರೇಲಿನಲ್ಲಿ ನಡೆದ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಿನ ಹಿರಿಮೆಯನ್ನೂ ನುಡಿಯ ಸೊಗಸನ್ನೂ ಕೇಳಬೇಕೆಂದು ಬಂದಿರುವ ತಮ್ಮ ಮುಂದೆ ನಾನು ಹಣಕಾಸಿನ ಮಾತನ್ನೆತ್ತುವುದು, ಮದುವೆಯ ಮನೆಯಲ್ಲಿ ಸಾಲದ ಲೆಕ್ಕ ತೆಗೆದಂತೆ ಕಾಣಬಹುದು. ಆದರೆ ಮದುವೆ ಮುಗಿದ ಮಾರನೆಯ ದಿನದಿಂದ ಸಂಸಾರ ನಡೆಯುವುದು ಲೆಕ್ಕದ ಮೇಲೆಯೇ ಅಲ್ಲವೇ? 1956ನೆಯ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳು ಒಂದಾದವು. ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡಗಳು ಈ ಮುಂಬಯಿ ರಾಜ್ಯದಿಂದಲೇ ಹೊರಟುಹೋದವು. ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದಿನಿಂದ ಬಂದವು. ದಕ್ಷಿಣ ಕನ್ನಡ ಮದರಾಸಿನಿಂದ ಬಂತು. ಗಡಿ ಕೂಡಿದ್ದು ಒಂದು ದಿನದ ಕೆಲಸ. ಆ ಜಿಲ್ಲೆಗಳ ಶಾಲೆಗೆ ಮಾಸ್ತರರು, ಆಸ್ಪತ್ರೆಗೆ ಔಷಧ, ಮುದುಕರಿಗೆ ಮಾಸಾಶನ ಒದಗಿಸುವುದು ದಿನ ದಿನದ ಕೆಲಸ. ಅದಕ್ಕೆ ಬೇಕಾದ ಹಣ ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ, ಅದರಲ್ಲಿ ಪರೇಲಿನ ಚಾಳಿನಲ್ಲಿರುವ ನಮ್ಮ ಪಾಲೇನು ಎಂಬುದನ್ನು ಇಂದು ನಾಲ್ಕು ಮಾತಿನಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮಲ್ಲಿ ಹಿರಿಯರಾದವರು ಗಿರಣಿಯಲ್ಲಿಯೋ ಹೋಟೆಲಿನಲ್ಲಿಯೋ ದುಡಿದು ತಿಂಗಳು ತಿಂಗಳು ಊರಿಗೆ ಮನಿಯಾರ್ಡರ್ ಕಳಿಸಿದವರು. ಅದನ್ನು ಕಳಿಸುವ ರೀತಿ ಎರಡಿದ್ದವು. ಒಬ್ಬಾತ ಫಾರಮ್ಮಿನ ಕೆಳಗಿನ ಚೀಟಿಯಲ್ಲಿ, "ಇದರಲ್ಲಿ ಇಷ್ಟು ತಂಗಿಯ ಶಾಲೆಗೆ, ಇಷ್ಟು ಮಾಡು ರಿಪೇರಿಗೆ, ಬೇರೆ ಯಾವುದಕ್ಕೂ ಮುಟ್ಟಬಾರದು" ಎಂದು ಬರೆದು ಕಳಿಸುತ್ತಿದ್ದ. ಇನ್ನೊಬ್ಬಾತ, "ಅಮ್ಮಾ, ಇದು ಈ ತಿಂಗಳ ಹಣ, ನಿನಗೆ ತಿಳಿದಂತೆ ಮಾಡು" ಎಂದಷ್ಟೇ ಬರೆಯುತ್ತಿದ್ದ. ಮೊದಲನೆಯವನ ಹಣ ಕಟ್ಟಳೆಯ ಹಣ, ಎರಡನೆಯವನದು ಇಡಿಗಂಟು. ಕೇಂದ್ರ ಸರಕಾರವು ರಾಜ್ಯಗಳಿಗೆ ಕೊಡುವ ಅನುದಾನಗಳಲ್ಲಿಯೂ ಈ ಎರಡೇ ಜಾತಿಗಳು. ದಿಲ್ಲಿಗೂ ರಾಜ್ಯಗಳಿಗೂ ನಡೆದ ವಾದವೆಲ್ಲ, ಮಗನಿಗೆ ಹೆಚ್ಚು ತಿಳಿದಿದೆಯೋ ಊರಲ್ಲಿರುವ ತಾಯಿಗೆ ಹೆಚ್ಚು ತಿಳಿದಿದೆಯೋ ಎಂಬ ಹಳೆಯ ವಾದವೇ.

ನಮ್ಮ ಸಂವಿಧಾನದ 280ನೆಯ ವಿಧಿಯಂತೆ ಹಣಕಾಸು ಆಯೋಗವೊಂದು ಕಾಲಕಾಲಕ್ಕೆ ನೇಮಕವಾಗಿ, ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಹಂಚುತ್ತದೆ. ಮೊದಲನೆಯ ಆಯೋಗ 1951ರಲ್ಲಿ ಕೆ. ಸಿ. ನಿಯೋಗಿಯವರ ಅಧ್ಯಕ್ಷತೆಯಲ್ಲಿ ಕೂಡಿತು. ಶಾಲೆಗೆ ಹೋಗುವ ಮಕ್ಕಳು ತೀರ ಕಡಮೆಯಿದ್ದ 8 ರಾಜ್ಯಗಳಿಗೆ ಪ್ರಾಥಮಿಕ ಶಿಕ್ಷಣಕ್ಕಾಗಿಯೇ ಬೇರೆ ಅನುದಾನ ಕೊಡಬೇಕೆಂದು ಅದು ಶಿಫಾರಸು ಮಾಡಿತು. ಆ ಎಂಟರಲ್ಲಿ ಹೈದರಾಬಾದ್ ಒಂದು. ಅಂದರೆ ಇಂದು ಮುಂಬಯಿಯ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿರುವ ಯಾದಗಿರಿ, ರಾಯಚೂರು, ಕಲಬುರ್ಗಿಯ ಬಂಧುಗಳ ನೆಲ ಅಂದೇ ಆ ಪಟ್ಟಿಯಲ್ಲಿತ್ತು. ಅಕ್ಷರದ ಕೊರತೆಗೂ ಗುಳೆ ಹೊರಡುವ ದಾರಿಗೂ ಇರುವ ನಂಟು ಎಷ್ಟು ಹಳೆಯದೆಂಬುದನ್ನು ಇದರಿಂದಲೇ ತಿಳಿಯಬಹುದು.

ತೆರಿಗೆಯ ಪಾಲಿನ ಹೊರತಾಗಿ ಪಂಚವಾರ್ಷಿಕ ಯೋಜನೆಗಳಿಗೆ ಕೇಂದ್ರದ ನೆರವು ಬರುತ್ತಿತ್ತು. ಮೊದಲ ಮೂರು ಯೋಜನೆಗಳಲ್ಲಿ ಅದು ಒಂದೊಂದು ಕಾರ್ಯಕ್ರಮಕ್ಕೆ ಒಂದೊಂದು ಬಗೆಯಾಗಿ ಬಂತು. ಒಂದಕ್ಕೆ ಅನುದಾನ ಹೆಚ್ಚು, ಇನ್ನೊಂದಕ್ಕೆ ಸಾಲ ಹೆಚ್ಚು. ತಮಗೆ ಯಾವುದು ಅವಶ್ಯವೋ ಅದನ್ನು ಬಿಟ್ಟು, ಯಾವುದಕ್ಕೆ ಹೆಚ್ಚು ಅನುದಾನವೋ ಅದರ ಹಿಂದೆ ರಾಜ್ಯಗಳು ಓಡುವಂತಾಯಿತು. ಈ ಗೊಂದಲಕ್ಕೆ ಮದ್ದು ಅರೆದವರು ನಮ್ಮ ನೆರೆಯವರೇ ಆದ ಧನಂಜಯರಾವ್ ಗಾಡಗೀಳರು. ಪುಣೆಯಲ್ಲಿ 1930ರಲ್ಲಿ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಇವರು 1967ರಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಅವರ ಹೆಸರಿನ ಸೂತ್ರವು 1969ರಲ್ಲಿ ನಾಲ್ಕನೆಯ ಯೋಜನೆಯೊಡನೆ ಜಾರಿಗೆ ಬಂತು. ವಿಶೇಷ ವರ್ಗದ ರಾಜ್ಯಗಳ ಪಾಲನ್ನು ತೆಗೆದಿಟ್ಟು, ಉಳಿದುದರಲ್ಲಿ ಶೇಕಡಾ 60ರಷ್ಟು ಜನಸಂಖ್ಯೆಯ ಮೇಲೆ. ಶೇಕಡಾ 10 ಬಡ ರಾಜ್ಯಗಳಿಗೆ. ಶೇಕಡಾ 10 ತೆರಿಗೆ ಎತ್ತುವ ಪ್ರಯತ್ನಕ್ಕೆ. ಶೇಕಡಾ 10 ನಡೆಯುತ್ತಿರುವ ದೊಡ್ಡ ನೀರಾವರಿ, ವಿದ್ಯುತ್ ಕಾಮಗಾರಿಗಳಿಗೆ. ಉಳಿದ 10 ವಿಶೇಷ ಸಮಸ್ಯೆಗಳಿಗೆ. ಹೀಗೆ ಬಂದ ಮೊತ್ತದಲ್ಲಿ 30 ಪಾಲು ಅನುದಾನ, 70 ಪಾಲು ಸಾಲ. ಯಾವ ಕಾರ್ಯಕ್ರಮಕ್ಕೂ ಗಂಟುಹಾಕದೆ ಒಟ್ಟಾಗಿ ಕೊಡುವ ಇಡಿಗಂಟು ಇದು. "ಅಮ್ಮಾ, ನಿನಗೆ ತಿಳಿದಂತೆ ಮಾಡು" ಎಂಬ ಮನಿಯಾರ್ಡರು.

ಈ ಏರ್ಪಾಡು, ನಡುವೆ ತಿದ್ದುಪಡಿಗಳಾಗುತ್ತ, 2015ರ ತನಕ ನಡೆಯಿತು. ಅಷ್ಟರಲ್ಲಿ ಯೋಜನಾ ಆಯೋಗವೇ ಮುಗಿದಿತ್ತು. ವೈ. ವಿ. ರೆಡ್ಡಿಯವರ 14ನೆಯ ಹಣಕಾಸು ಆಯೋಗ ರಾಜ್ಯಗಳ ತೆರಿಗೆಯ ಪಾಲನ್ನು ಶೇಕಡಾ 32ರಿಂದ 42ಕ್ಕೆ ಏರಿಸಿತು. ಹಳೆಯ ಇಡಿಗಂಟು ಅದರಲ್ಲಿ ಕರಗಿತು. ಶಾಲೆಯ ಊಟ, ಅಂಗನವಾಡಿ ಮುಂತಾದ ಮುಖ್ಯ ಕಾರ್ಯಕ್ರಮಗಳು ಮಾತ್ರ ಚೀಟಿ ಬರೆದ ಮನಿಯಾರ್ಡರಿನಂತೆಯೇ ಉಳಿದವು. ಬಹುಪಾಲು ರಾಜ್ಯಗಳಲ್ಲಿ ಕೇಂದ್ರದ್ದು 60, ರಾಜ್ಯದ್ದು 40. ಮುಂದೆ 15ನೆಯ ಆಯೋಗ 1971ರ ಬದಲು 2011ರ ಜನಗಣತಿಯನ್ನು ಹಿಡಿದು, ಬಡ ರಾಜ್ಯಗಳಿಗೆ ಒಲವು ತೋರಿ ಹಂಚಿದಾಗ, ಕರ್ನಾಟಕದ ಪಾಲು ನೂರಕ್ಕೆ 4.713ರಿಂದ 3.647ಕ್ಕೆ ಇಳಿಯಿತು. ಆ ನಷ್ಟಕ್ಕೆಂದು 2020-21ಕ್ಕೆ 5,495 ಕೋಟಿ ರೂಪಾಯಿಗಳ ವಿಶೇಷ ಅನುದಾನವನ್ನು ಆಯೋಗವೇ ಸೂಚಿಸಿದರೂ ಅದು ಕೈಸೇರಲಿಲ್ಲ. ಬಡವನಿಗೆ ಕೊಡುವುದು ಧರ್ಮವೇ. ಆದರೆ ಮಿತಸಂತಾನದ ಮಾತನ್ನು ಕೇಳಿ ನಡೆದ ರಾಜ್ಯಕ್ಕೆ ಅದೇ ಕಾರಣದಿಂದ ಕೈ ಕಚ್ಚಿದರೆ ಅದನ್ನು ನ್ಯಾಯವೆನ್ನಲು ನಾಲಗೆ ಹೊರಳದು.

ಇನ್ನು ನಮ್ಮ ಪರೇಲಿಗೆ ಬರೋಣ. ಅನುದಾನವೆಂದರೆ ದಿಲ್ಲಿಯ ಕಾಗದದಲ್ಲಿರುವ ಅಂಕಿಯಲ್ಲ. ಈ ಸಭಾಗೃಹದಿಂದ ನಡೆದು ಹೋಗುವಷ್ಟು ದೂರದಲ್ಲಿದೆ. 1926ರಲ್ಲಿ ಬಾಗಿಲು ತೆರೆದ ಕೆ. ಇ. ಎಂ. ಆಸ್ಪತ್ರೆ ಮಹಾನಗರ ಪಾಲಿಕೆಯದು. ಪಾಲಿಕೆಯ ದೊಡ್ಡ ಆದಾಯವಾಗಿದ್ದ ಜಕಾತಿ 2017ರ ಜುಲೈ 1ರಂದು, ಜಿ. ಎಸ್. ಟಿ. ಬಂದ ದಿನ, ನಿಂತುಹೋಯಿತು. ಅದಕ್ಕೆ ಬದಲಾಗಿ ರಾಜ್ಯ ಸರಕಾರ ತಿಂಗಳು ತಿಂಗಳು ಪರಿಹಾರ ಕೊಡಬೇಕಾಯಿತು. ಮೊದಲ ತಿಂಗಳ ಚೆಕ್ಕು 647 ಕೋಟಿ ರೂಪಾಯಿಗಳದು. ತನ್ನ ನಾಕೆಯಲ್ಲಿ ತಾನೇ ಎತ್ತುತ್ತಿದ್ದ ನಗರ, ಹಣಕ್ಕಾಗಿ ಮೇಲಿನವರ ಕೈ ನೋಡುವಂತಾಯಿತು. ಕೆ. ಇ. ಎಂ.ನ ಹಾಸಿಗೆಯೂ, ಪಾಲಿಕೆಯ ಕನ್ನಡ ಶಾಲೆಗಳ ಮಾಸ್ತರರ ಸಂಬಳವೂ ಇದೇ ಬೊಕ್ಕಸದ ಬಾಬ್ತು.

ಪಕ್ಕದಲ್ಲಿಯೇ ವಾಡಿಯಾ ಆಸ್ಪತ್ರೆಗಳಿವೆ. ಹೆರಿಗೆಯದು 1926ರದು, ಮಕ್ಕಳದು 1929ರದು. ನಮ್ಮ ಎಷ್ಟೋ ಮನೆಗಳ ಕೂಸುಗಳು ಅಲ್ಲಿಯೇ ಕಣ್ಣು ಬಿಟ್ಟವು. ಧರ್ಮಸಂಸ್ಥೆಯ ಆಡಳಿತಕ್ಕೆ ಪಾಲಿಕೆ, ರಾಜ್ಯ ಸರಕಾರಗಳ ಅನುದಾನ ಕೂಡಿ ಇವು ನಡೆಯುತ್ತವೆ. 2020ರ ಜನವರಿಯಲ್ಲಿ ಬಾಕಿ ಅನುದಾನದ ವ್ಯಾಜ್ಯವೆದ್ದಿತು. ಬರಬೇಕಾದ ಹಣ ಬಂದಿಲ್ಲವೆಂದು ಆಸ್ಪತ್ರೆ ಹೇಳಿತು; ಲೆಕ್ಕ ಸರಿಯಿಲ್ಲವೆಂದು ಪಾಲಿಕೆ ಪ್ರಶ್ನಿಸಿತು. ಔಷಧವಿಲ್ಲದೆ ಹೊಸ ರೋಗಿಗಳನ್ನು ತೆಗೆದುಕೊಳ್ಳಲಾಗದ ಸ್ಥಿತಿ ಬಂದು, ಜನ ಬೀದಿಗಿಳಿದು, ಮಾತು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ ಸರಕಾರ ಹಣ ಬಿಡುಗಡೆ ಮಾಡಿತು. ಇದರಿಂದ ನಾವು ಕಲಿಯಬೇಕಾದ ಪಾಠಗಳು ಎರಡು. ಅನುದಾನ ಹೊತ್ತಿಗೆ ಬರದಿದ್ದರೆ ಅದು ಅನುದಾನವೇ ಅಲ್ಲ. ಹಸಿದ ಕೂಸಿಗೆ ನಾಳೆ ಹಾಲು ತರುತ್ತೇನೆಂದರೆ ಆದೀತೇ? ಲೆಕ್ಕ ಬಾಯಿಬಿಡದಿದ್ದರೆ ಅನುದಾನ ಉಳಿಯದು ಎಂಬುದು ಎರಡನೆಯದು.

ಇಡಿಗಂಟಿಗೂ ತನ್ನದೇ ರೋಗಗಳಿವೆ. ಅಮೇರಿಕದಲ್ಲಿ 1996ರ ಕಾನೂನು ಬಡ ಕುಟುಂಬಗಳ ನೆರವಿನ ಹಣವನ್ನು ರಾಜ್ಯಗಳಿಗೆ ಇಡಿಗಂಟಾಗಿ ಕೊಟ್ಟಿತು. ವರುಷಕ್ಕೆ ಸುಮಾರು 16.5 ಶತಕೋಟಿ ಡಾಲರು. ಬೆಲೆ ಏರಿದಂತೆ ಗಂಟು ಏರಲಿಲ್ಲ. ಅದರ ಬೆಲೆ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಸವೆದುಹೋಯಿತು. ಮಿಸಿಸಿಪಿ ರಾಜ್ಯದಲ್ಲಂತೂ ಆ ಹಣ ಒಂದು ವಿಶ್ವವಿದ್ಯಾಲಯದ ವಾಲಿಬಾಲ್ ಕ್ರೀಡಾಗೃಹಕ್ಕೆ ಹರಿದುಹೋದದ್ದು 2020ರ ಲೆಕ್ಕತಪಾಸಣೆಯಲ್ಲಿ ಬಯಲಾಯಿತು. ಪರದೇಶದ ಮಾತೆಂದು ನಗಬೇಡಿ. ನಮ್ಮಲ್ಲಿ ವೃದ್ಧಾಪ್ಯ ವೇತನಕ್ಕೆ ಕೇಂದ್ರ 1995ರಲ್ಲಿ ತಿಂಗಳಿಗೆ 75 ರೂಪಾಯಿ ಕೊಟ್ಟಿತು. ಮುಂದೆ ಅದನ್ನು 200 ಮಾಡಿತು. ಎಂಬತ್ತು ದಾಟಿದವರಿಗೆ 2011ರಲ್ಲಿ 500 ಆಯಿತು. ಉಳಿದವರ 200 ಮಾತ್ರ ಬೆಲೆಗಳೆಲ್ಲ ಬೆಟ್ಟ ಹತ್ತಿದರೂ ಮೆಟ್ಟಿಲ ಕೆಳಗೇ ಕುಳಿತಿತು. ಕೊರತೆಯನ್ನು ತುಂಬಿದವು ರಾಜ್ಯಗಳು. ಮಹಾರಾಷ್ಟ್ರ 2023ರಲ್ಲಿ ಸಂಜಯ ಗಾಂಧಿ ನಿರಾಧಾರ, ಶ್ರಾವಣಬಾಳ ಯೋಜನೆಗಳ ಮೊತ್ತವನ್ನು 1,500 ರೂಪಾಯಿಗೆ ಏರಿಸಿತು.

ಆದರೆ ಇಲ್ಲಿಯೇ ವಲಸೆ ಬಂದ ನಮ್ಮ ಕಷ್ಟವಿರುವುದು. ಈ ಎರಡು ಯೋಜನೆಗಳಿಗೂ ಮಹಾರಾಷ್ಟ್ರದಲ್ಲಿ 15 ವರುಷದ ವಾಸವನ್ನು ತೋರಿಸಬೇಕು. ಎಣಿಸಿಕೊಳ್ಳಿ: ಗಿರಣಿ ಕಾರ್ಮಿಕನ ವಿಧವೆಯೊಬ್ಬಳು. 1982ರ ಮುಷ್ಕರದಲ್ಲಿ ಗಂಡನ ಕೆಲಸ ಹೋಯಿತು. ಕೋಣೆಯ ಬಾಡಿಗೆ ಚೀಟಿ ಭಾವನ ಹೆಸರಿನಲ್ಲಿತ್ತು. ರೇಶನ್ ಕಾರ್ಡಿನಲ್ಲಿ ಹೆಸರು ತಪ್ಪಿತು. ನಲವತ್ತು ವರುಷ ಇಲ್ಲಿಯ ನಲ್ಲಿಯ ನೀರು ಕುಡಿದವಳು ಹದಿನೈದು ವರುಷದ ಕಾಗದವಿಲ್ಲದೆ ನಿಲ್ಲುತ್ತಾಳೆ. ಊರಿಗೆ ಹೋದರೆ, "ಅಕ್ಕಾ, ನೀವು ಮುಂಬಯಿಯವರು" ಎನ್ನುತ್ತಾರೆ. ಎರಡು ಸರಕಾರಗಳ ನಡುವೆ ಆಕೆಯ ಮಾಸಾಶನ ಕಳೆದುಹೋಗುತ್ತದೆ.

ಆದಕಾರಣ ನಾವು ತಿಳಿಯಲೇಬೇಕಾದ ಒಂದು ಮಾತುಂಟು. ಜನಸಂಖ್ಯೆಯ ಮೇಲೆ ಹಂಚುವ ಹಣದಲ್ಲಿ ನಾವು ಲೆಕ್ಕಕ್ಕೆ ಬರುವುದು ಹುಟ್ಟಿದ ಊರಿನಲ್ಲಲ್ಲ, ಜನಗಣತಿಯವರು ನಮ್ಮನ್ನು ಎಣಿಸಿದ ಊರಿನಲ್ಲಿ. ಪರೇಲಿನಲ್ಲಿ ಎಣಿಕೆಯಾದ ಕನ್ನಡಿಗನ ತಲೆಯ ಪಾಲು ಮಹಾರಾಷ್ಟ್ರಕ್ಕೆ ಬರುತ್ತದೆ. ಹಾಗಾಗಿ ಇಲ್ಲಿಯ ಶಾಲೆ, ಆಸ್ಪತ್ರೆ, ಮಾಸಾಶನಗಳನ್ನು ಕೇಳುವುದು ಪರರ ಮನೆಯ ಊಟಕ್ಕೆ ಕೈಚಾಚಿದಂತಲ್ಲ; ನಮ್ಮ ಹೆಸರಿನಲ್ಲಿ ಬಂದುದನ್ನು ನಾವು ಕೇಳಿದಂತೆ. ಈ ಮಾತನ್ನು ಮರಾಠಿ ಬಂಧುಗಳೊಡನೆ ಜಗಳವಾಡಿ ಹೇಳಬೇಕಾಗಿಲ್ಲ. ಅವರ ಜೊತೆ ಅದೇ ಸರತಿಯ ಸಾಲಿನಲ್ಲಿ ನಿಂತು ಹೇಳಿದರೆ ಸಾಕು.

ಗಂಟು ಕಾಲಿಟ್ಟು ನಡೆದು ಬಂದ ಉದಾಹರಣೆಯೂ ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಯ ಯೋಜನೆ ಆರಂಭವಾದಾಗ, ಆ ಪಟ್ಟಿಯಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಇತ್ತು, ನಮ್ಮ ನೆರೆಯ ಧಾರಾವಿಯೂ ಇತ್ತು. ರೇಶನ್ನಿನಲ್ಲಿಯೂ ದಾರಿ ತೆರೆದಿದೆ. 2020ರ ಜನವರಿ 1ರಿಂದ ಕರ್ನಾಟಕ, ಮಹಾರಾಷ್ಟ್ರಗಳೆರಡೂ ಸೇರಿದ 12 ರಾಜ್ಯಗಳಲ್ಲಿ ಆಹಾರ ಭದ್ರತಾ ಕಾರ್ಡು ಒಂದರದು ಇನ್ನೊಂದರಲ್ಲಿ ನಡೆಯತೊಡಗಿತು. 2022ರಲ್ಲಿ ದೇಶವೆಲ್ಲ ಇದರೊಳಗೆ ಬಂತು. ಯಾದಗಿರಿಯ ಕಾರ್ಡಿನ ಕೇಂದ್ರದ ಧಾನ್ಯ ಮುಂಬಯಿಯ ಅಂಗಡಿಯಲ್ಲಿ ದೊರೆಯುತ್ತದೆ. ಇದನ್ನರಿಯದೆ ಕಾಳಸಂತೆಯಲ್ಲಿ ಅಕ್ಕಿ ಕೊಳ್ಳುವವರು ನಮ್ಮಲ್ಲಿದ್ದರೆ ತಪ್ಪು ಅವರದಲ್ಲ, ತಿಳಿದೂ ಹೇಳದ ನಮ್ಮದು.

ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ನಾಟಕಕ್ಕೆ ಒಂದು ಸಮಿತಿ, ಕ್ರೀಡೆಗೆ ಒಂದು ಸಮಿತಿ ಇರುವಂತೆ, ಕಾಗದಪತ್ರಕ್ಕೂ ಒಂದು ಸಮಿತಿ ಇರಲಿ. ಭಾನುವಾರ ಎರಡು ಗಂಟೆ ಒಂದು ಮೇಜು ಹಾಕಿ, ಇಬ್ಬರು ಕಲಿತ ತರುಣರು ಕುಳಿತು, ವಾಸದ ದಾಖಲೆ, ರೇಶನ್ ಕಾರ್ಡು, ಮಾಸಾಶನದ ಅರ್ಜಿ ಬರೆದುಕೊಡಲಿ. ಪಾಲಿಕೆಯ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಬಡವಾಗುತ್ತಿವೆ. ಹಾಜರಿ ಪುಸ್ತಕ ಬರಿದಾದರೆ ಹಣವೂ ಆ ಕಡೆ ಹರಿಯುವುದಿಲ್ಲವೆಂಬುದನ್ನು ನೆನೆಯಲಿ. 2027ರ ಮಾರ್ಚ್ 1ನ್ನು ಎಣಿಕೆಯ ದಿನವಾಗಿಟ್ಟು ಜನಗಣತಿಯ ಅಧಿಸೂಚನೆ 2025ರಲ್ಲಿ ಹೊರಟಿದೆ. ಎಣಿಕೆದಾರರು ಬಂದಾಗ ಚಾಳಿನ ಮೂಲೆಯ ಕೋಣೆಯ ಕೊನೆಯ ಕೂಸಿನ ಹೆಸರೂ ಬರೆಯಿಸಿ. ಮಾತೃಭಾಷೆ ಕನ್ನಡವಾದರೆ ಕನ್ನಡ, ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ ಎಂದು ಸಂಕೋಚವಿಲ್ಲದೆ ಹೇಳಿ. ಎಣಿಕೆಯಲ್ಲಿ ಇಲ್ಲದವನಿಗೆ ಗಂಟಿನಲ್ಲಿ ಪಾಲಿಲ್ಲ.

ಊರಿಗೆ ಇಡಿಗಂಟು ಕಳಿಸಿದ ಮಗ, ರಜೆಯಲ್ಲಿ ಮನೆಗೆ ಹೋದಾಗ ತಾಯಿಯನ್ನು ಪೀಡಿಸುತ್ತಿರಲಿಲ್ಲ. ಆದರೆ ಮಾಡು ಸೋರುತ್ತದೆಯೇ, ತಂಗಿ ಶಾಲೆಗೆ ಹೋಗುತ್ತಾಳೆಯೇ ಎಂದು ಒಮ್ಮೆ ಕಣ್ಣಾಡಿಸುತ್ತಿದ್ದ. ಸರಕಾರದ ಗಂಟಿನ ಬಗೆಗೂ ನಮ್ಮಲ್ಲಿ ಆ ನಂಬಿಕೆಯಿರಲಿ, ಆ ಕಣ್ಣೂ ಇರಲಿ. ಬಾಗಿಲಲ್ಲಿ ನಿಂತ ಆ ಅಜ್ಜಿಯ ಅರ್ಜಿಯೊಂದನ್ನು ಈ ವರುಷ ನಾವು ಬರೆದು ಮುಟ್ಟಿಸಿದರೆ, ಬರುವ ರಾಜ್ಯೋತ್ಸವದ ದೀಪವನ್ನು ಆಕೆಯ ಕೈಯಿಂದಲೇ ಹಚ್ಚಿಸೋಣ.