ಮತಯಂತ್ರ ಹೇಳುವ ಪಾಠ



ಚುನಾವಣೆಯ ದಿನ ಕೇರಳದ ಗಡಿನಾಡಾದ ನಮ್ಮ ಪೈವಳಿಕೆಯ ಮತಗಟ್ಟೆಗೆ ಹೋದಾಗ ಅಲ್ಲಿಟ್ಟ ಮತಯಂತ್ರವನ್ನು ಒಮ್ಮೆ ಗಮನವಿಟ್ಟು ನೋಡಿ. ಅಭ್ಯರ್ಥಿಯ ಹೆಸರು ಮಲಯಾಳದಲ್ಲಿದೆ, ಕನ್ನಡದಲ್ಲೂ ಇದೆ. ಓದು ಬಾರದವರಿಗೆ ಚಿಹ್ನೆಯಿದೆ. ಒಂದೇ ಹೆಸರಿನ ಇಬ್ಬರು ನಿಂತರೆ ಗೊಂದಲವಾಗದಿರಲೆಂದು 2015ರಲ್ಲಿ ಭಾವಚಿತ್ರವೂ ಬಂತು. ಗುಂಡಿಯ ಪಕ್ಕ ಬೆರಳಿಗೆ ತಾಗುವ ಬ್ರೈಲ್ ಅಂಕಿ. ಮತ ದಾಖಲಾದಾಗ ಕೆಂಪು ದೀಪ ಉರಿಯುತ್ತದೆ, ಜೊತೆಗೆ ಉದ್ದನೆಯ ಸದ್ದು. ಕಿವಿ ಕೇಳದವರಿಗೂ ಗೊತ್ತಾಗುತ್ತದೆ, ಕಣ್ಣು ಕಾಣದವರಿಗೂ ಗೊತ್ತಾಗುತ್ತದೆ.

ಎಲ್ಲರನ್ನೂ ಒಳಗೊಳ್ಳುವ ವಿನ್ಯಾಸ ಎಂದರೆ ಇದೇ. 1951-52ರ ಮೊದಲ ಮಹಾಚುನಾವಣೆಯ ಕಾಲಕ್ಕೆ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಮೊದಲು ಓದು ಕಲಿಯಿರಿ, ಆಮೇಲೆ ಮತ ಹಾಕಿ ಎಂಬ ನಿಯಮ ಮಾಡಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆ ಅಂಟಿಸಿದರು. ಜನರನ್ನು ತಿದ್ದಲು ಹೋಗದೆ ಪೆಟ್ಟಿಗೆಯನ್ನೇ ತಿದ್ದಿದರು. ನಮ್ಮ ದೇಶ ಮಾಡಿದ ಅತ್ಯಂತ ಘನವಾದ ಕೆಲಸಗಳಲ್ಲಿ ಇದೊಂದು ಎಂದು ನಾನು ನಂಬಿದ್ದೇನೆ.

ಆದರೆ ಮತ ಹಾಕಿದ ಅದೇ ಮನುಷ್ಯನಿಗೆ ಮರುದಿನ ಸರಕಾರಿ ಕಚೇರಿಯ ಮೆಟ್ಟಿಲು ಎದುರಾಗುತ್ತದೆ. ಅದನ್ನು ಹತ್ತಿದರೆ ಗೋಡೆಯ ಮೇಲೆ ಓದಲಾಗದ ಭಾಷೆಯ ಸೂಚನೆ. ಗಾಲಿಕುರ್ಚಿಯವರಿಗೆ ಆ ಮೆಟ್ಟಿಲು ಹೇಗೋ, ಕನ್ನಡ ಮಾತ್ರ ಓದಬಲ್ಲ ಅಜ್ಜಿಗೆ ಆ ಸೂಚನೆಯೂ ಹಾಗೆಯೇ. ಎರಡನ್ನೂ ಕಟ್ಟಿದವರು ನಾವೇ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತನಾಡುವ ಈ ಗಡಿನಾಡಿನಲ್ಲಿ ಭಾಷೆಯನ್ನು ಬಿಟ್ಟು ಗಾಲಿಕುರ್ಚಿಗೆ ಇಳಿಜಾರು ದಾರಿಯೊಂದನ್ನೇ ಕಟ್ಟಿದರೆ ಕೆಲಸ ಅರ್ಧವೇ ಆದಂತೆ.

ಭಾಷೆ ಎಷ್ಟು ಮುಖ್ಯವೆಂದು ತಿಳಿಯಲು ನೆರೆಯ ಎಣ್ಮಕಜೆಯನ್ನು ನೆನೆಯಿರಿ. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ವರ್ಷಗಳಲ್ಲಿ, ಊರಿನಲ್ಲಿ ಕಾಯಿಲೆ ಹೆಚ್ಚುತ್ತಿರುವುದನ್ನು ಗುರುತಿಸಿದವರು ಅಲ್ಲಿಯೇ ಇದ್ದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್. ಲೋಕಕ್ಕೆ ತಿಳಿಸಲು ಬರೆದವರಲ್ಲಿ ಪ್ರಮುಖರು ಅದೇ ಊರಿನ ಶ್ರೀಪಡ್ರೆ. ಮನೆಮಾತಿನಲ್ಲಿ ಕೇಳಿಸಿಕೊಳ್ಳುವವರು ಇದ್ದುದರಿಂದ ನೋವು ಹೊರಗೆ ಬಂತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಆದರೆ ಸಂತ್ರಸ್ತರ ಪಟ್ಟಿಗೆ ಸೇರಬೇಕಾದರೆ ವೈದ್ಯಕೀಯ ಶಿಬಿರದ ಸುದ್ದಿ ಮನೆ ತಲುಪಬೇಕು, ಎದ್ದು ಕೂರಲಾಗದ ಮಗುವನ್ನು ತಾಯಿ ಎತ್ತಿಕೊಂಡು ತೋಟದ ಬದಿಯಿಂದ ರಸ್ತೆಗೆ ಗುಡ್ಡ ಹತ್ತಬೇಕು. ಆ ತಾಯಿಯ ದಾರಿ ಕಚೇರಿಯ ಬಾಗಿಲಿನಿಂದಲ್ಲ, ಅವಳ ಅಂಗಳದಿಂದಲೇ ಶುರುವಾಗುತ್ತದೆ.

ಸುದ್ದಿ ತಲುಪಿಸುವಾಗಲೂ ಒಂದೇ ದಾರಿ ಸಾಲದು. ನೀವು ಕೇಳುತ್ತಿರುವ ನನ್ನ ಈ ಮಾತು ಕಿವಿ ಕೇಳದವರನ್ನು ತಲುಪುವುದಿಲ್ಲ. ಕರಪತ್ರ ಕಣ್ಣು ಕಾಣದವರಿಗೆ ಒದಗುವುದಿಲ್ಲ. ಆದ್ದರಿಂದ ಗೋಡೆಗೆ ದೊಡ್ಡ ಅಕ್ಷರದ ಕನ್ನಡ ಸೂಚನೆ ಬೇಕು, ಮೊಬೈಲಿಗೆ ತುಳುವಿನ ಧ್ವನಿಸಂದೇಶ ಬೇಕು, ಜೀಪಿಗೆ ಮೈಕು ಕಟ್ಟಿ ಹೇಳಿಸುವುದೂ ಬೇಕು.

ಕಾನೂನು ನಮ್ಮ ಕಡೆಗಿದೆ. ಕಟ್ಟಡವಷ್ಟೇ ಅಲ್ಲ, ಮಾಹಿತಿಯೂ ಎಲ್ಲರಿಗೆ ಎಟುಕಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಇಳಿಜಾರು ಒಂದಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದವಿರಬೇಕು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಹಿಂದಕ್ಕೆ ಜಾರಬಹುದು. ಸಿಮೆಂಟು ಹಾಕುವ ಮೊದಲೇ ಗಾಲಿಕುರ್ಚಿ ಬಳಸುವವರೊಬ್ಬರನ್ನು ಕರೆಸಿ ಕೇಳಿದರೆ ಒಡೆದು ಕಟ್ಟುವ ಖರ್ಚು ಉಳಿಯುತ್ತದೆ. ಇನ್ನು, ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡಿಗರು ಹೆಚ್ಚಿರುವ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮುಂದಿನ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಕನ್ನಡದ ಉತ್ತರ ಬೇಕೆಂದು ಕೊನೆಯ ಸಾಲಿನಲ್ಲಿ ಸೇರಿಸಿ, ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.